ಅಂಡಾಶಯದಲ್ಲಿ ಗಡ್ಡೆ, ಮೂಲ ದೊಡ್ಡ ಕರುಳಿನಲ್ಲಿ

ಹೊಟ್ಟೆ ಉಬ್ಬರ ಎಂದು ಡಾಕ್ಟರ ಬಳಿ ಹೋದ ಹೆಂಗಸಿಗೆ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಗಡ್ಡೆ ಕಾಣಿಸುತ್ತದೆ. ಅಂಡಾಶಯದ ಕ್ಯಾನ್ಸರ್ ಇರಬಹುದೇನೋ ಎಂದು ಮನೆಯವರು ಹೆದರಿ ಕೂತಿರುವಾಗಲೇ ಬಯಾಪ್ಸಿ ವರದಿ ಬರುತ್ತದೆ. ಅದರಲ್ಲಿ ‘ಮೆಟಾಸ್ಟ್ಯಾಟಿಕ್ ಅಡಿನೋಕಾರ್ಸಿನೋಮಾ, ಕೊಲೊರೆಕ್ಟಲ್ ಮೂಲ’ ಎಂದು ಬರೆದಿರುತ್ತದೆ. ಗಡ್ಡೆ ಇರುವುದು ಅಂಡಾಶಯದಲ್ಲಿ, ವರದಿ ಮಾತಾಡುತ್ತಿರುವುದು ಕರುಳಿನ ಬಗ್ಗೆ. ಇನ್ನು ಕೆಲವರಿಗೆ ಈ ಸುದ್ದಿ ತಡವಾಗಿ ಬರುತ್ತದೆ. ಕರುಳಿನ ಆಪರೇಷನ್ ಆಗಿ, ಕೀಮೋ ಮುಗಿದು, ಬದುಕು ಹಳಿಗೆ ಬಂತು ಎನ್ನುವಾಗ ತಪಾಸಣೆಯ ಸ್ಕ್ಯಾನ್‌ನಲ್ಲಿ ಅಂಡಾಶಯ ದಪ್ಪಗಾಗಿರುವುದು ಕಾಣುತ್ತದೆ.

ಎರಡೂ ಸಂದರ್ಭಗಳಲ್ಲಿ ಮನೆಯವರು ಕೇಳುವ ಪ್ರಶ್ನೆ ಒಂದೇ: ಇದು ಎರಡನೇ ಕ್ಯಾನ್ಸರಾ? ಅಲ್ಲ. ದೊಡ್ಡ ಕರುಳಿನಲ್ಲಿ ಹುಟ್ಟಿ ಅಂಡಾಶಯಕ್ಕೆ ಬಂದದ್ದು ದೊಡ್ಡ ಕರುಳಿನ ಕ್ಯಾನ್ಸರೇ. ಯಾವ ಔಷಧ, ಯಾವ ಆಪರೇಷನ್, ಮುಂದೇನು ಎಂಬುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಅದಕ್ಕೇ ಇದನ್ನು ಬುಡದಿಂದ ಬಿಡಿಸಿ ಹೇಳಬೇಕಾಗುತ್ತದೆ.

## ಕರುಳಿನ ಒಳಗೋಡೆಯಲ್ಲಿ ಆಗುವುದೇನು

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಹೊಟ್ಟೆಯ ಬಲ ಕೆಳಭಾಗದಲ್ಲಿ, ಸಣ್ಣ ಕರುಳು ಬಂದು ಸೇರುವಲ್ಲಿ ಶುರುವಾಗಿ ಮೇಲೇರುತ್ತದೆ. ಅಲ್ಲಿಂದ ಹೊಟ್ಟೆಗೆ ಅಡ್ಡಲಾಗಿ ಹಾದು ಎಡಬದಿಯಲ್ಲಿ ಇಳಿದು ಗುದನಾಳವನ್ನು ಸೇರುತ್ತದೆ. ಕೊಳವೆಯ ಒಳಮೈಗೆ ಲೋಳೆ ಸುರಿಸುವ ಜೀವಕೋಶಗಳ ತೆಳುವಾದ ಪದರವಿದೆ. ಈ ಜೀವಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ. ಇಷ್ಟು ಬಿರುಸಾಗಿ ಹೊಸ ಜೀವಕೋಶ ಹುಟ್ಟುವ ಕಡೆ ವಂಶವಾಹಿಯ ನಕಲಿನಲ್ಲಿ ತಪ್ಪುಗಳು ಸೇರಿಕೊಳ್ಳುವ ಅವಕಾಶವೂ ಹೆಚ್ಚು.

ತಪ್ಪುಗಳು ಒಂದರ ಮೇಲೊಂದು ಸೇರಿದಾಗ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗುಳ್ಳೆ ಏಳುತ್ತದೆ. ಹೆಚ್ಚಿನ ಪಾಲಿಪ್‌ಗಳು ಕ್ಯಾನ್ಸರ್ ಆಗುವುದೇ ಇಲ್ಲ. ಅಡಿನೋಮಾ ಎಂಬ ಬಗೆಯ ಕೆಲವು ಮಾತ್ರ ನಿಧಾನವಾಗಿ, ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ, ಕ್ಯಾನ್ಸರ್ ಆಗಿ ಬದಲಾಗುತ್ತವೆ. ಲೋಳೆ ಸುರಿಸುವ ಜೀವಕೋಶದಿಂದ ಹುಟ್ಟಿದ ಕ್ಯಾನ್ಸರನ್ನು ಅಡಿನೋಕಾರ್ಸಿನೋಮಾ ಎನ್ನುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದೇ ಬಗೆ. ಅದು ಒಳಪದರದಿಂದ ಸ್ನಾಯುವಿನ ಪದರಕ್ಕೆ, ಅಲ್ಲಿಂದ ಕರುಳಿನ ಹೊರಮೈಗೆ ಕೊರೆದುಕೊಂಡು ಬರುತ್ತದೆ. ಹಾದಿಯಲ್ಲಿ ರಕ್ತನಾಳ, ದುಗ್ಧನಾಳ (ಲಿಂಫ್ ನಾಳ) ಸಿಕ್ಕಿದರೆ ಅದರ ಕೆಲವು ಜೀವಕೋಶಗಳು ಕಳಚಿ ಹರಿವಿಗೆ ಸೇರಿಕೊಳ್ಳುತ್ತವೆ. ಹೀಗೆ ಹುಟ್ಟಿದ ಜಾಗ ಬಿಟ್ಟು ಬೇರೆ ಅಂಗದಲ್ಲಿ ನೆಲೆಯೂರುವುದೇ ಮೆಟಾಸ್ಟ್ಯಾಸಿಸ್.

## ಅಂಡಾಶಯವೇ ಏಕೆ

ಕರುಳಿನಿಂದ ಹೊರಟ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಆದ್ದರಿಂದ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಹರಡುವುದು ಲಿವರ್‌ಗೆ, ಆಮೇಲೆ ಶ್ವಾಸಕೋಶಕ್ಕೆ. ಅಂಡಾಶಯ ಆ ಹರಿವಿನ ಹಾದಿಯಲ್ಲಿ ಇಲ್ಲ. ಹಾಗಿದ್ದರೂ ದೊಡ್ಡ ಕರುಳಿನ ಕ್ಯಾನ್ಸರ್ ಇರುವ ನೂರು ಹೆಂಗಸರಲ್ಲಿ ಸುಮಾರು 3ರಿಂದ 5 ಮಂದಿಗೆ ಅದು ಅಂಡಾಶಯಕ್ಕೆ ಹರಡುತ್ತದೆ.

ಅಲ್ಲಿಗೆ ತಲುಪಲು ನಾಲ್ಕು ಹಾದಿಗಳಿವೆ. ಮೊದಲ ಎರಡು ರಕ್ತ ಮತ್ತು ದುಗ್ಧರಸ. ಮೂರನೆಯದು ನೇರವಾಗಿ ಅಂಟಿಕೊಳ್ಳುವುದು. ದೊಡ್ಡ ಕರುಳಿನ ಕೊನೆಯ ಬಾಗು ಎಡ ಅಂಡಾಶಯದ ಪಕ್ಕದಲ್ಲೇ ಇರುವುದರಿಂದ ಅಲ್ಲಿಯ ಗಡ್ಡೆ ಬೆಳೆಯುತ್ತಾ ಅಂಡಾಶಯವನ್ನು ಮುಟ್ಟಬಹುದು. ನಾಲ್ಕನೆಯದನ್ನು ಸ್ವಲ್ಪ ವಿವರಿಸಬೇಕು. ಹೊಟ್ಟೆಯ ಒಳಗೋಡೆಗೂ ಅಂಗಗಳಿಗೂ ಒಂದು ತೆಳ್ಳನೆಯ ಪೊರೆ ಹೊದಿಸಿದೆ, ಅದು ಉದರಪೊರೆ. ಪೊರೆಯ ಪದರಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಚೂರು ದ್ರವ ಇರುತ್ತದೆ. ಕ್ಯಾನ್ಸರ್ ಕರುಳಿನ ಹೊರಮೈಯನ್ನು ದಾಟಿದರೆ ಅದರ ಜೀವಕೋಶಗಳು ಈ ದ್ರವಕ್ಕೆ ಬೀಳುತ್ತವೆ. ದ್ರವ ಹರಿದು ನಿಲ್ಲುವುದು ಹೊಟ್ಟೆಯ ತಗ್ಗಿನಲ್ಲಿ, ಅಂದರೆ ಕಿಬ್ಬೊಟ್ಟೆಯಲ್ಲಿ. ಅಂಡಾಶಯಗಳಿರುವುದೂ ಅಲ್ಲೇ. ಮುಟ್ಟಾಗುವ ವಯಸ್ಸಿನಲ್ಲಿ ಪ್ರತಿ ತಿಂಗಳು ಅಂಡಾಣು ಹೊರಬರುವಾಗ ಅಂಡಾಶಯದ ಮೇಲ್ಮೈ ಒಡೆದು ಮತ್ತೆ ಮಾಯುತ್ತದೆ. ತೇಲಿ ಬಂದ ಜೀವಕೋಶಕ್ಕೆ ಅಲ್ಲಿ ಹಿಡಿದುಕೊಳ್ಳಲು ಜಾಗ ಸಿಗುತ್ತದೆ ಎಂಬುದು ಒಂದು ವಿವರಣೆ. ಒಬ್ಬ ರೋಗಿಯಲ್ಲಿ ಇವುಗಳಲ್ಲಿ ಯಾವ ಹಾದಿ ಕೆಲಸ ಮಾಡಿತು ಎಂದು ಬೆರಳಿಟ್ಟು ತೋರಿಸುವುದು ಸಾಮಾನ್ಯವಾಗಿ ಆಗದ ಮಾತು.

ಹಾದಿ ಇದ್ದರಷ್ಟೇ ಸಾಲದು. ಇಂಗ್ಲೆಂಡಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ಶವಪರೀಕ್ಷೆಯ ವಿವರಗಳನ್ನು ನೋಡಿ 1889ರಲ್ಲಿ ಒಂದು ವಿಚಾರ ಮುಂದಿಟ್ಟರು. ಕ್ಯಾನ್ಸರ್ ಜೀವಕೋಶ ಬೀಜವಿದ್ದಂತೆ, ಅಂಗ ಮಣ್ಣಿದ್ದಂತೆ. ಬೀಜ ಎಲ್ಲ ಕಡೆ ಚೆಲ್ಲಿದರೂ ಒಗ್ಗಿದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ನಮ್ಮ ವಿಷಯಕ್ಕೆ ಇದು ಎರಡು ರೀತಿಯಲ್ಲಿ ಹೊಂದುತ್ತದೆ. ರಾಗಿ ಕಾಳು ಭತ್ತದ ಗದ್ದೆಯಲ್ಲಿ ಬಿದ್ದು ಮೊಳೆತರೂ ತೆನೆಗಟ್ಟುವುದು ರಾಗಿಯೇ. ಅಂಡಾಶಯದಲ್ಲಿ ಬೆಳೆದ ಕರುಳಿನ ಜೀವಕೋಶವೂ ಹಾಗೆ, ಕರುಳಿನದಾಗಿಯೇ ಉಳಿಯುತ್ತದೆ. ಇನ್ನು ಮಣ್ಣು: ಮುಟ್ಟು ನಿಲ್ಲದ ವಯಸ್ಸಿನ ಅಂಡಾಶಯಕ್ಕೆ ರಕ್ತದ ಹರಿವು ಹೇರಳ, ಹಾರ್ಮೋನುಗಳ ಚಟುವಟಿಕೆಯೂ ಹೆಚ್ಚು. ಈ ಬಗೆಯ ಹರಡುವಿಕೆ ಮುಟ್ಟು ನಿಂತವರಿಗಿಂತ ಚಿಕ್ಕ ವಯಸ್ಸಿನವರಲ್ಲೇ ಹೆಚ್ಚಾಗಿ ಕಾಣುವುದಕ್ಕೆ ಇದು ಕಾರಣವಿರಬಹುದು ಎನ್ನುತ್ತಾರೆ.

## ಕ್ರುಕೆನ್‌ಬರ್ಗ್ ಕಂಡದ್ದು, ಆಮೇಲೆ ತಿಳಿದದ್ದು

ವರದಿಗಳಲ್ಲಿ ‘ಕ್ರುಕೆನ್‌ಬರ್ಗ್ ಟ್ಯೂಮರ್’ ಎಂಬ ಮಾತು ಬಂದರೆ ಅದರ ಹಿಂದೆ ಒಂದು ಕಥೆಯಿದೆ. ಜರ್ಮನಿಯ ತರುಣ ವೈದ್ಯ ಫ್ರೀಡ್ರಿಕ್ ಕ್ರುಕೆನ್‌ಬರ್ಗ್ 1896ರಲ್ಲಿ ಅಂಡಾಶಯದ ಕೆಲವು ಗಡ್ಡೆಗಳ ವಿವರ ಪ್ರಕಟಿಸಿದರು. ಲೋಳೆ ತುಂಬಿದ ಜೀವಕೋಶಗಳು ಗಟ್ಟಿಯಾದ ನಾರಿನಂಥ ಅಂಗಾಂಶದ ನಡುವೆ ಹರಡಿದ್ದವು. ಇದು ಅಂಡಾಶಯದಲ್ಲೇ ಹುಟ್ಟುವ ಹೊಸ ಬಗೆಯ ಗಡ್ಡೆ ಎಂದು ಅವರು ತಿಳಿದರು. ಆರು ವರ್ಷಗಳ ನಂತರ, 1902ರಲ್ಲಿ, ಶ್ಲಾಗೆನ್‌ಹೌಫರ್ ಎಂಬ ಇನ್ನೊಬ್ಬ ವೈದ್ಯರು ಇವು ಬೇರೆ ಕಡೆ, ಹೆಚ್ಚಾಗಿ ಜಠರದಲ್ಲಿ, ಹುಟ್ಟಿ ಅಂಡಾಶಯಕ್ಕೆ ಬಂದವು ಎಂದು ತೋರಿಸಿದರು. ಅಷ್ಟರಲ್ಲಿ ಗಡ್ಡೆಗೆ ಕ್ರುಕೆನ್‌ಬರ್ಗ್ ಹೆಸರು ಅಂಟಿಯಾಗಿತ್ತು. ಅವರು ಮುಂದೆ ಕಣ್ಣಿನ ವೈದ್ಯರಾದರು.

ಆ ಲೋಳೆ ತುಂಬಿದ ಜೀವಕೋಶಗಳಿಗೆ ‘ಸಿಗ್ನೆಟ್ ರಿಂಗ್’ ಕೋಶ ಎಂದು ಹೆಸರು. ಒಳಗೆ ಲೋಳೆ ತುಂಬಿ ಕೋಶಕೇಂದ್ರವನ್ನು ಅಂಚಿಗೆ ತಳ್ಳಿರುತ್ತದೆ, ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಅದು ಮುದ್ರೆಯುಂಗುರದ ಆಕಾರದಲ್ಲಿ ಕಾಣುತ್ತದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇಂಥ ಜೀವಕೋಶಗಳಿರುವ ಗಡ್ಡೆ ಮಾತ್ರ ಕ್ರುಕೆನ್‌ಬರ್ಗ್ ಟ್ಯೂಮರ್. ಅದರ ಮೂಲ ಬಹುತೇಕ ಜಠರ. ದೊಡ್ಡ ಕರುಳಿನಿಂದ ಬಂದ ಹೆಚ್ಚಿನ ಗಡ್ಡೆಗಳಲ್ಲಿ ಈ ಜೀವಕೋಶಗಳು ಇರುವುದಿಲ್ಲ, ಆದರೂ ಮಾತಿನ ರೂಢಿಯಲ್ಲಿ ಅವನ್ನೂ ಅದೇ ಹೆಸರಿನಿಂದ ಕರೆಯುವವರಿದ್ದಾರೆ. ಇಂಟರ್‌ನೆಟ್‌ನಲ್ಲಿ ಈ ಹೆಸರು ಹುಡುಕಿದಾಗ ಸಿಗುವ ಅಂಕಿಗಳಲ್ಲಿ ಜಠರದ ಕ್ಯಾನ್ಸರ್‌ನವೂ ಬೆರೆತಿರುತ್ತವೆ. ಅವು ಕರುಳಿನ ರೋಗಿಗೆ ಹಾಗೇ ಅನ್ವಯಿಸುವುದಿಲ್ಲ. ಜಠರದಿಂದ ಬಂದದ್ದಕ್ಕಿಂತ ಕರುಳಿನಿಂದ ಬಂದದ್ದರಲ್ಲಿ ಆಯುಷ್ಯದ ನಿರೀಕ್ಷೆ ಸಾಮಾನ್ಯವಾಗಿ ಹೆಚ್ಚು.

## ಲಕ್ಷಣಗಳು ದಾರಿ ತಪ್ಪಿಸುವ ಬಗೆ

ಅಂಡಾಶಯ ಮಾಮೂಲಿಯಾಗಿ ಮೂರು ಸೆಂಟಿಮೀಟರ್ ಉದ್ದದ ಅಂಗ. ಅದರಲ್ಲಿ ಬೆಳೆದ ಗಡ್ಡೆ ಹತ್ತು, ಹದಿನೈದು ಸೆಂಟಿಮೀಟರ್ ದಾಟಬಹುದು. ಕರುಳಿನ ಮೂಲ ಗಡ್ಡೆ ಇನ್ನೂ ಸುಳಿವೇ ಕೊಡದಿರುವಾಗ ಅಂಡಾಶಯದ್ದು ಹೊಟ್ಟೆ ತುಂಬಿಕೊಳ್ಳುವುದುಂಟು. ಹೊಟ್ಟೆ ಉಬ್ಬುವುದು, ಕೆಳಹೊಟ್ಟೆ ಭಾರ, ನೋವು, ಸ್ವಲ್ಪ ತಿಂದರೂ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮುಟ್ಟಿನ ಏರುಪೇರು, ಕೆಲವೊಮ್ಮೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವುದು ಇದರ ಲಕ್ಷಣಗಳು. ಅಪರೂಪಕ್ಕೆ ಅಂಡಾಶಯದ ಅಂಗಾಂಶ ಕೆರಳಿ ಹೆಚ್ಚು ಹಾರ್ಮೋನು ಸುರಿಸತೊಡಗುತ್ತದೆ. ಆಗ ಮುಟ್ಟು ನಿಂತವರಲ್ಲಿ ರಕ್ತಸ್ರಾವ ಆಗಬಹುದು, ಮುಖದಲ್ಲಿ ಕೂದಲು ಬೆಳೆಯಬಹುದು. ಇವೆಲ್ಲ ಹೆಂಗಸನ್ನು ಸ್ತ್ರೀರೋಗ ತಜ್ಞರ ಬಳಿಗೇ ಕಳಿಸುವ ಲಕ್ಷಣಗಳು.

ಕರುಳಿನ ಸುಳಿವುಗಳು ಅದಕ್ಕೂ ಮುಂಚೆ ಬಂದು ಹೋಗಿರುತ್ತವೆ, ಯಾರೂ ಅವನ್ನು ಜೋಡಿಸಿ ನೋಡಿರುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಳ್ಳುವುದು ನಮ್ಮಲ್ಲಿ ಬಹಳ ಸಾಮಾನ್ಯ. ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ ಗ್ಯಾಸ್ ಎಂದು ಮಾತ್ರೆ ನುಂಗುತ್ತಾರೆ. ಕರುಳಿನ ಬಲಭಾಗದ ಗಡ್ಡೆಯಿಂದ ರಕ್ತ ಕಣ್ಣಿಗೆ ಕಾಣದಷ್ಟು ಸಣ್ಣಗೆ ಜಿನುಗುತ್ತದೆ. ಕಾಣುವುದು ರಕ್ತಹೀನತೆ, ಸುಸ್ತು, ಏದುಸಿರು ಮಾತ್ರ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ರಕ್ತ ಕಡಿಮೆ ಇದೆ ಎಂದರೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸುವುದು ರೂಢಿ, ಬಹಳಷ್ಟು ಸಲ ಅದು ಸರಿಯೂ ಹೌದು. ಆದರೆ ಮಾತ್ರೆ ತಿಂದರೂ ರಕ್ತ ಏರದಿದ್ದರೆ, ತೂಕ ಇಳಿಯುತ್ತಿದ್ದರೆ, ಅಥವಾ ಮುಟ್ಟು ನಿಂತ ಮೇಲೂ ರಕ್ತಹೀನತೆ ಇದ್ದರೆ ಕರುಳನ್ನು ಪರೀಕ್ಷಿಸಲೇಬೇಕು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ನೀರುಗುಳ್ಳೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಮುಟ್ಟಿನ ಚಕ್ರದ ಜೊತೆ ಬಂದು ತಾವಾಗಿ ಕರಗುವವೇ ಅವುಗಳಲ್ಲಿ ಹೆಚ್ಚು. ಗಟ್ಟಿ ಭಾಗಗಳಿರುವ, ಎರಡೂ ಕಡೆ ಇರುವ, ಬೇಗ ಬೆಳೆಯುವ, ಹೊಟ್ಟೆಯಲ್ಲಿ ನೀರಿನೊಂದಿಗೆ ಬರುವ ಗಡ್ಡೆಗಳನ್ನು ವೈದ್ಯರು ಅನುಮಾನದಿಂದ ನೋಡುತ್ತಾರೆ.

## ಮೂಲ ಯಾವುದು ಎಂದು ಗೊತ್ತಾಗುವುದು ಹೇಗೆ

ಇಡೀ ವಿಷಯದಲ್ಲಿ ಅತ್ಯಂತ ಕಷ್ಟದ ಭಾಗ ಇದು. ಕರುಳಿನಿಂದ ಬಂದ ಗಡ್ಡೆ ಅಂಡಾಶಯದಲ್ಲೇ ಹುಟ್ಟಿದ ಕೆಲವು ಬಗೆಯ ಕ್ಯಾನ್ಸರನ್ನು, ಮುಖ್ಯವಾಗಿ ಲೋಳೆ ತುಂಬಿದ ಬಗೆಯನ್ನು, ಎಷ್ಟು ಹೋಲುತ್ತದೆಂದರೆ ಅಂಗಾಂಶ ಪರೀಕ್ಷಿಸುವ ಅನುಭವಿ ಪೆಥಾಲಜಿಸ್ಟ್ ಕೂಡ ಒಂದು ನೋಟಕ್ಕೆ ಹೇಳಲಾರರು.

ಮೊದಲ ಸುಳಿವು ಆಕಾರ. ಬೇರೆಡೆಯಿಂದ ಬಂದದ್ದು ಎರಡೂ ಅಂಡಾಶಯಗಳಲ್ಲಿ ಇರುವುದು ಹೆಚ್ಚು. ಅಂಡಾಶಯದಲ್ಲೇ ಹುಟ್ಟಿದ ಲೋಳೆ ಗಡ್ಡೆ ಸಾಮಾನ್ಯವಾಗಿ ಒಂದೇ ಕಡೆ, ದೊಡ್ಡದಾಗಿ ಇರುತ್ತದೆ. ಆದರೆ ಕರುಳಿನಿಂದ ಬಂದವು ಈ ನಿಯಮವನ್ನು ಆಗಾಗ ಮುರಿಯುತ್ತವೆ. ಒಂದೇ ಕಡೆ, ಬಹಳ ದೊಡ್ಡದಾಗಿ ಬೆಳೆಯುವುದೂ ಇದೆ. ಹಾಗಾಗಿ ಸ್ಕ್ಯಾನ್ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಎರಡನೆಯದು ರಕ್ತ ಪರೀಕ್ಷೆ. ಸಿಎ-125 ಎಂಬ ಪ್ರೋಟೀನು ಅಂಡಾಶಯದ ಕ್ಯಾನ್ಸರ್‌ನಲ್ಲಿ, ಸಿಇಎ ಎಂಬುದು ಕರುಳಿನ ಕ್ಯಾನ್ಸರ್‌ನಲ್ಲಿ ಹೆಚ್ಚುತ್ತದೆ. ಆದರೆ ಸಿಎ-125 ಉದರಪೊರೆ ಕೆರಳಿದಾಗಲೆಲ್ಲ ಏರುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿ, ಮುಟ್ಟಿನ ಸಮಯದಲ್ಲಿ, ನಮ್ಮ ದೇಶದಲ್ಲಿ ಇಂದಿಗೂ ಸಾಮಾನ್ಯವಾಗಿರುವ ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಆದ್ದರಿಂದ ವೈದ್ಯರು ಎರಡನ್ನೂ ಒಟ್ಟಿಗೆ ಮಾಡಿಸಿ ಸಿಎ-125ನ್ನು ಸಿಇಎಯಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧ 25ಕ್ಕಿಂತ ಹೆಚ್ಚಿದ್ದರೆ ಅಂಡಾಶಯದ ಕಡೆಗೆ, ಕಡಿಮೆ ಇದ್ದರೆ ಜಠರ, ಕರುಳಿನ ಕಡೆಗೆ ಬೆರಳು ತೋರಿಸುತ್ತದೆ. ಉದಾಹರಣೆಗೆ ಸಿಎ-125 ಪ್ರಮಾಣ 120, ಸಿಇಎ 40 ಇದ್ದರೆ ಭಾಗಲಬ್ಧ ಬರೀ 3. ಆಗ ಕೊಲೊನೋಸ್ಕೋಪಿ ಮಾಡಿಸದೆ ಅಂಡಾಶಯದ ಆಪರೇಷನ್‌ಗೆ ಹೋಗುವುದು ಸರಿಯಲ್ಲ. ಇದೂ ಸುಳಿವೇ, ತೀರ್ಪಲ್ಲ.

ಕೊಲೊನೋಸ್ಕೋಪಿ ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಬಳುಕುವ ಕೊಳವೆ ತೂರಿಸಿ ದೊಡ್ಡ ಕರುಳಿನ ಒಳಗೋಡೆಯನ್ನು ಪೂರ್ತಿ ನೋಡುವುದು. ಹಿಂದಿನ ದಿನ ಭೇದಿ ಔಷಧ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು, ಎಲ್ಲರಿಗೂ ಬೇಸರ ತರಿಸುವ ಭಾಗ ಅದೇ. ಗಡ್ಡೆ ಕಂಡರೆ ಅಲ್ಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು. ಅಂಡಾಶಯದ ಗಡ್ಡೆಗೆ ಹೊರಗಿನಿಂದ ಸೂಜಿ ಚುಚ್ಚಲು ವೈದ್ಯರು ಹಿಂಜರಿಯುವುದಕ್ಕೂ ಕಾರಣವಿದೆ. ಅದು ಅಂಡಾಶಯದಲ್ಲೇ ಹುಟ್ಟಿ ಇನ್ನೂ ಹೊರಗೆ ಹರಡದ ಗಡ್ಡೆಯಾಗಿದ್ದರೆ, ಚುಚ್ಚಿದಾಗ ಒಳಗಿನದು ಹೊಟ್ಟೆಯೊಳಗೆ ಚೆಲ್ಲುವ ಅಪಾಯವಿದೆ.

ಕೊನೆಯ ಮಾತು ಪೆಥಾಲಜಿಸ್ಟರದು. ಅವರು ಅಂಗಾಂಶದ ತೆಳು ಪದರಕ್ಕೆ ವಿಶೇಷ ಬಣ್ಣಗಳನ್ನು ಹಾಯಿಸಿ ಯಾವ ಪ್ರೋಟೀನು ಇದೆ, ಯಾವುದು ಇಲ್ಲ ಎಂದು ನೋಡುತ್ತಾರೆ. ವರದಿಯಲ್ಲಿ ಐಎಚ್‌ಸಿ ಎಂದು ಬರೆದಿರುವುದು ಈ ಪರೀಕ್ಷೆಯನ್ನೇ. ಕರುಳಿನ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಸಿಕೆ20, ಸಿಡಿಎಕ್ಸ್2, ಎಸ್‌ಎಟಿಬಿ2 ಇರುತ್ತವೆ, ಸಿಕೆ7 ಇರುವುದಿಲ್ಲ. ಅಂಡಾಶಯದ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಇದು ತಿರುಗುಮುರುಗು: ಸಿಕೆ7 ಮತ್ತು ಪ್ಯಾಕ್ಸ್8 ಇರುತ್ತವೆ. ಲೋಳೆ ಬಗೆಯಲ್ಲಿ ಮಾತ್ರ ಗೆರೆ ಮಸುಕಾಗುತ್ತದೆ, ಅದರಲ್ಲಿ ಸಿಕೆ20, ಸಿಡಿಎಕ್ಸ್2 ಕೂಡ ಸ್ವಲ್ಪ ಕಾಣಬಹುದು. ಅದಕ್ಕೇ ಒಂದೇ ಬಣ್ಣವನ್ನು ನಂಬದೆ ನಾಲ್ಕೈದನ್ನು ಒಟ್ಟಿಗೆ ಓದುತ್ತಾರೆ. ರೋಗಿಗೆ ಹಿಂದೆ ಕರುಳಿನ ಆಪರೇಷನ್ ಆಗಿತ್ತು ಎಂಬ ಒಂದು ಸಾಲು ಲ್ಯಾಬ್ ಚೀಟಿಯಲ್ಲಿ ಇದ್ದರೆ ಈ ಕೆಲಸ ಎಷ್ಟೋ ಹಗುರವಾಗುತ್ತದೆ. ಹತ್ತು ವರ್ಷದ ಹಳೆಯ ಸಂಗತಿಯಾದರೂ ಹೇಳಬೇಕು. ಹಳೆಯ ಆಪರೇಷನ್‌ನ ಬ್ಲಾಕ್ (ಮೇಣದಲ್ಲಿ ಉಳಿಸಿಟ್ಟ ಅಂಗಾಂಶ) ಮತ್ತು ಸ್ಲೈಡುಗಳು ಸಿಕ್ಕರೆ ಹೊಸದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

ತಪ್ಪಾದರೆ ಏನಾಗುತ್ತದೆ? ಅಂಡಾಶಯದ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಜೋಡಿ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಕರುಳಿನ ಕ್ಯಾನ್ಸರ್ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ನಾಟುವುದು ತೀರಾ ಕಡಿಮೆ. ಮೂಲ ಗೊತ್ತಾಗದೆ ಅದನ್ನೇ ಕೊಟ್ಟರೆ ರೋಗಿಯ ಕೂದಲು ಉದುರುತ್ತದೆ, ರಕ್ತಕಣ ಕುಸಿಯುತ್ತದೆ, ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

## ನಾಲ್ಕನೇ ಹಂತ ಎಂಬ ಮಾತು

ಕರುಳಿನ ಕ್ಯಾನ್ಸರ್ ಅಂಡಾಶಯದಲ್ಲಿ ಸಿಕ್ಕರೆ ಅದನ್ನು ನಾಲ್ಕನೇ ಹಂತ ಎಂದು ಗುರುತಿಸುತ್ತಾರೆ. ದೂರದ ಅಂಗಕ್ಕೆ ಹರಡಿದ ಎಲ್ಲವೂ ಅದೇ ಹಂತ. ಆ ಹಂತದೊಳಗೂ ಮೂರು ಮೆಟ್ಟಿಲುಗಳಿವೆ: ಒಂದೇ ಅಂಗಕ್ಕೆ ಹರಡಿದ್ದು, ಎರಡಕ್ಕಿಂತ ಕಡಿಮೆಯಿಲ್ಲದ ಅಂಗಗಳಿಗೆ ಹರಡಿದ್ದು, ಉದರಪೊರೆಗೆ ಹರಡಿದ್ದು. ಅಂಡಾಶಯದ ಜೊತೆ ಉದರಪೊರೆಯಲ್ಲೂ ಕ್ಯಾನ್ಸರ್‌ನ ಕಾಳುಗಳು ಇರುವುದು ಸಾಮಾನ್ಯ. ಸಣ್ಣ ಕಾಳುಗಳು ಸಿಟಿ ಸ್ಕ್ಯಾನ್‌ನಲ್ಲಿ ಕಾಣದೆ ಆಪರೇಷನ್ ವೇಳೆಯಲ್ಲೇ ಕಣ್ಣಿಗೆ ಬೀಳುವುದೂ ಇದೆ.

ಹಂತದ ಸಂಖ್ಯೆ ಕೇಳಿ ಮನೆಯವರು ಕುಸಿಯುತ್ತಾರೆ, ಅದು ಸಹಜ. ಇದು ಗಂಭೀರ ಸ್ಥಿತಿ ಎಂಬುದರಲ್ಲಿ ಎರಡು ಮಾತಿಲ್ಲ. ಬಹಳಷ್ಟು ಜನರಲ್ಲಿ ಚಿಕಿತ್ಸೆಯ ಗುರಿ ರೋಗವನ್ನು ಹಿಡಿತದಲ್ಲಿಟ್ಟು ಒಳ್ಳೆಯ ದಿನಗಳನ್ನು ಹೆಚ್ಚಿಸುವುದು. ಆದರೆ ನಾಲ್ಕನೇ ಹಂತದ ಇಬ್ಬರು ರೋಗಿಗಳ ಸ್ಥಿತಿ ಒಂದೇ ಆಗಿರುವುದಿಲ್ಲ. ರೋಗ ಅಂಡಾಶಯಕ್ಕೆ ಮಾತ್ರ ಸೀಮಿತವಾಗಿದ್ದು, ಕಾಣುವುದನ್ನೆಲ್ಲ ಪೂರ್ತಿ ತೆಗೆಯಲು ಸಾಧ್ಯವಾದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಅವರಲ್ಲಿ ಕೆಲವರು ವರ್ಷಗಟ್ಟಲೆ ಇದ್ದಾರೆ. ‘ಎಷ್ಟು ದಿನ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ವೈದ್ಯರು ರೋಗ ಎಲ್ಲೆಲ್ಲಿದೆ, ವಂಶವಾಹಿ ಪರೀಕ್ಷೆ ಏನು ಹೇಳಿತು, ಮೊದಲ ಕೀಮೋಗೆ ಹೇಗೆ ಸ್ಪಂದಿಸಿತು ಎಂದು ನೋಡಲೇಬೇಕು.

## ಕೀಮೋ ಇದ್ದರೂ ಆಪರೇಷನ್ ಬೇಕಾಗುವುದು ಏಕೆ

ಚಿಕಿತ್ಸೆಯ ಬೆನ್ನೆಲುಬು ಕರುಳಿನ ಕ್ಯಾನ್ಸರ್‌ಗೆ ಕೊಡುವ ಕೀಮೋ: 5-ಎಫ್‌ಯು ಅಥವಾ ಅದರ ಮಾತ್ರೆಯ ರೂಪವಾದ ಕೆಪೆಸಿಟಾಬಿನ್, ಜೊತೆಗೆ ಆಕ್ಸಾಲಿಪ್ಲಾಟಿನ್ ಅಥವಾ ಇರಿನೊಟೆಕಾನ್. ಫೋಲ್‌ಫಾಕ್ಸ್ ಎಂಬ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ ಔಷಧ ಹೋಗುತ್ತದೆ, ಅದರಲ್ಲಿ ಒಂದು ಭಾಗ ಸಣ್ಣ ಪಂಪಿನಿಂದ ಸುಮಾರು 46 ಗಂಟೆ ಹನಿಯುತ್ತದೆ. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡ ಕೆಲವು ದಿನ ತಣ್ಣೀರು ಮುಟ್ಟಿದರೂ ಬೆರಳುಗಳಲ್ಲಿ ಜುಮುಜುಮು, ಚುಚ್ಚಿದಂತಾಗುತ್ತದೆ. ಆ ದಿನಗಳಲ್ಲಿ ಫ್ರಿಜ್ ಬಾಗಿಲು ತೆಗೆಯುವ, ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮನೆಯ ಬೇರೆಯವರು ಮಾಡಬೇಕು.

ಹಾಗಿದ್ದರೆ ಅಂಡಾಶಯದ ಗಡ್ಡೆಯೂ ಕೀಮೋದಲ್ಲೇ ಕರಗಬೇಕಲ್ಲ? ಇಲ್ಲಿ ಮಣ್ಣಿನ ಗುಣ ಅಡ್ಡ ಬರುತ್ತದೆ. ಲಿವರ್, ಶ್ವಾಸಕೋಶದ ಗಡ್ಡೆಗಳು ಕುಗ್ಗುತ್ತಿರುವಾಗಲೇ ಅದೇ ರೋಗಿಯ ಅಂಡಾಶಯದ ಗಡ್ಡೆ ಬೆಳೆಯುತ್ತಲೇ ಇರುವುದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಫ್ರಾನ್ಸ್‌ನ ತಂಡವೊಂದು 2008ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನ ಇದನ್ನೇ ತೋರಿಸಿತು. ಅಂಡಾಶಯದ ಗಡ್ಡೆಗಳು ಬೇರೆ ಕಡೆಯವಕ್ಕಿಂತ ಕೀಮೋಗೆ ಬಹಳ ಕಡಿಮೆ ಬಗ್ಗಿದವು. ಔಷಧ ಅಲ್ಲಿ ಏಕೆ ಅಷ್ಟಾಗಿ ನಾಟುವುದಿಲ್ಲ ಎಂಬುದಕ್ಕೆ ಇನ್ನೂ ಒಮ್ಮತದ ಉತ್ತರವಿಲ್ಲ.

ಆದ್ದರಿಂದ ರೋಗಿಯ ಶಕ್ತಿ ಮತ್ತು ರೋಗದ ಹರವು ಅವಕಾಶ ಕೊಟ್ಟರೆ ಅಂಡಾಶಯಗಳನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ಒಂದೇ ಕಡೆ ಗಡ್ಡೆ ಕಂಡರೂ ಸಾಮಾನ್ಯವಾಗಿ ಎರಡನ್ನೂ ತೆಗೆಯುವ ಸಲಹೆ ಬರುತ್ತದೆ. ಚೆನ್ನಾಗಿ ಕಾಣುವ ಇನ್ನೊಂದರಲ್ಲಿ ಕಣ್ಣಿಗೆ ಕಾಣದ ರೋಗ ಇರಬಹುದು ಎಂಬುದೇ ಕಾರಣ. ಬೇರೆ ಕಡೆಯೂ ರೋಗವಿದ್ದು ಪೂರ್ತಿ ಗುಣವಾಗುವ ಭರವಸೆ ಇಲ್ಲದಿದ್ದರೂ, ಹೊಟ್ಟೆ ತುಂಬಿದ ಗಡ್ಡೆ ತೆಗೆದರೆ ನೋವು, ಉಬ್ಬರ ಇಳಿದು ಊಟ, ನಿದ್ದೆ ಸರಿಯಾಗುತ್ತದೆ. ಆಪರೇಷನ್ ಮೊದಲೋ ಕೀಮೋ ಮೊದಲೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಕರುಳಿನ ಗಡ್ಡೆ ಮಲದ ದಾರಿಯನ್ನೇ ಮುಚ್ಚುತ್ತಿದ್ದರೆ ಅದಕ್ಕೆ ಮೊದಲು ದಾರಿ ಮಾಡಲೇಬೇಕು. ಕ್ಯಾನ್ಸರ್ ಸರ್ಜನ್, ಕೀಮೋ ವೈದ್ಯರು, ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ಮಾಡುವ ನಿರ್ಧಾರ ಇದು. ಟ್ಯೂಮರ್ ಬೋರ್ಡ್ ಎಂದು ಅದನ್ನು ಕರೆಯುತ್ತಾರೆ. ನಿಮ್ಮ ಕೇಸನ್ನು ಅಲ್ಲಿ ಚರ್ಚಿಸಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಉದರಪೊರೆಗೂ ಹರಡಿದ್ದರೆ ‘ಹೈಪೆಕ್’ ಎಂಬ ಹೆಸರು ಕಿವಿಗೆ ಬೀಳುತ್ತದೆ. ಕಾಣುವ ಕಾಳುಗಳನ್ನೆಲ್ಲ ಕಿತ್ತು ತೆಗೆದು, ಆಪರೇಷನ್ ಟೇಬಲ್ ಮೇಲೆಯೇ ಬಿಸಿ ಮಾಡಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ವಿಧಾನ ಅದು. ದುಬಾರಿ ಚಿಕಿತ್ಸೆ, ಹಾಗಾಗಿ ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು. ಫ್ರಾನ್ಸ್‌ನ 17 ಆಸ್ಪತ್ರೆಗಳಲ್ಲಿ 265 ರೋಗಿಗಳ ಮೇಲೆ ನಡೆದ ‘ಪ್ರಾಡಿಜ್ 7’ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕಾಳುಗಳನ್ನು ತೆಗೆಯುವ ಆಪರೇಷನ್ ಮಾತ್ರ ಆದವರು ಮತ್ತು ಅದರ ಜೊತೆಗೆ ಬಿಸಿ ಆಕ್ಸಾಲಿಪ್ಲಾಟಿನ್ ಪಡೆದವರು, ಎರಡೂ ಗುಂಪಿನಲ್ಲಿ ಬದುಕಿನ ಮಧ್ಯಮಾವಧಿ ಸುಮಾರು 41 ತಿಂಗಳು, ಅಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು. ಆಪರೇಷನ್ ಜೊತೆ ಬಿಸಿ ಔಷಧ ಸೇರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಔಷಧ ಆರಿಸುವ ಮೊದಲು ಗಡ್ಡೆಯ ವಂಶವಾಹಿ ಪರೀಕ್ಷೆ ಆಗಬೇಕು. ಕೆಆರ್‌ಎಎಸ್, ಎನ್‌ಆರ್‌ಎಎಸ್ ವಂಶವಾಹಿಗಳಲ್ಲಿ ಬದಲಾವಣೆ ಇದ್ದರೆ ಸೆಟುಕ್ಸಿಮಾಬ್‌ನಂಥ ಔಷಧ ಕೆಲಸ ಮಾಡುವುದಿಲ್ಲ, ಆ ಖರ್ಚು ವ್ಯರ್ಥ. ಬಿಆರ್‌ಎಎಫ್ ಬದಲಾವಣೆಗೆ ಬೇರೆ ಔಷಧಗಳಿವೆ. ಗಡ್ಡೆಯಲ್ಲಿ ವಂಶವಾಹಿಯ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ನೋಡುವ, ಎಂಎಸ್‌ಐ ಎಂಬ ಇನ್ನೊಂದು ಪರೀಕ್ಷೆ ಪಾಸಿಟಿವ್ ಬಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೋಥೆರಪಿ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕನೇ ಹಂತದ ನೂರು ರೋಗಿಗಳಲ್ಲಿ ಸುಮಾರು ಐವರಲ್ಲಿ ಮಾತ್ರ ಇದು ಪಾಸಿಟಿವ್ ಬರುತ್ತದೆ, ಆದರೆ ಆ ಐವರ ಪಾಲಿಗೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

## ಅಂಡಾಶಯ ತೆಗೆದ ನಂತರ

ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ಹೋದರೆ ದೇಹ ರಾತ್ರೋರಾತ್ರಿ ಮುಟ್ಟು ನಿಂತ ಸ್ಥಿತಿಗೆ ಹೋಗುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು, ಯೋನಿ ಒಣಗುವುದು, ಕಾಲ ಕಳೆದಂತೆ ಮೂಳೆ ಸವೆಯುವುದು. ಕೀಮೋದ ಸುಸ್ತಿನ ಜೊತೆ ಇದೂ ಸೇರಿದಾಗ ಎಷ್ಟೋ ಹೆಂಗಸರು ಯಾವುದರಿಂದ ಏನಾಗುತ್ತಿದೆ ಎಂದು ತಿಳಿಯದೆ ಒದ್ದಾಡುತ್ತಾರೆ, ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಹಾರ್ಮೋನು ಕೊಡಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ಮಕ್ಕಳು ಬೇಕೆನ್ನುವ ಆಸೆ ಇರುವವರು ಆ ಮಾತನ್ನು ಆಪರೇಷನ್‌ಗೂ ಕೀಮೋಗೂ ಮುಂಚೆಯೇ ಎತ್ತಬೇಕು, ಆಮೇಲೆ ಆಯ್ಕೆಗಳು ಮುಚ್ಚಿಹೋಗುತ್ತವೆ.

ಹಾಗಿದ್ದರೆ ಕರುಳಿನ ಆಪರೇಷನ್ ಮಾಡುವಾಗಲೇ ಚೆನ್ನಾಗಿರುವ ಅಂಡಾಶಯಗಳನ್ನೂ ತೆಗೆದುಬಿಟ್ಟರೆ? ಎಲ್ಲರಿಗೂ ಹಾಗೆ ಮಾಡುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ. ಹಾಗಾಗಿ ಅದು ವಾಡಿಕೆಯಲ್ಲ. ಸರ್ಜನ್ ಅಂಡಾಶಯಗಳನ್ನು ಕಣ್ಣಾರೆ ನೋಡಿ ಮುಟ್ಟಿ ಪರೀಕ್ಷಿಸುತ್ತಾರೆ. ಅನುಮಾನ ಬಂದರೆ, ಅಥವಾ ವಂಶಪಾರಂಪರ್ಯದ ಅಪಾಯವಿದ್ದರೆ ಮಾತ್ರ ತೆಗೆಯುವ ಮಾತು ಬರುತ್ತದೆ.

## ನಮ್ಮಲ್ಲಿ ವಯಸ್ಸು ಚಿಕ್ಕದು

ಭಾರತದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ಇಲ್ಲಿ ಆಸ್ಪತ್ರೆಗೆ ಬರುವವರು ಚಿಕ್ಕ ವಯಸ್ಸಿನವರು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2017ರಲ್ಲಿ 800 ರೋಗಿಗಳ ವಿವರ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು ಸುಮಾರು 47, ಮತ್ತು ಸುಮಾರು 13 ಶೇಕಡ ಮಂದಿಯ ಗಡ್ಡೆಯಲ್ಲಿ ಸಿಗ್ನೆಟ್ ರಿಂಗ್ ಜೀವಕೋಶಗಳಿದ್ದವು. ಪಾಶ್ಚಾತ್ಯ ದೇಶಗಳಲ್ಲಿ ಈ ಬಗೆ ಸುಮಾರು ಒಂದು ಶೇಕಡ. ಚಿಕ್ಕ ವಯಸ್ಸು ಮತ್ತು ಸಿಗ್ನೆಟ್ ರಿಂಗ್, ಎರಡೂ ಅಂಡಾಶಯಕ್ಕೆ ಮತ್ತು ಉದರಪೊರೆಗೆ ಹರಡುವ ಸಾಧ್ಯತೆಯನ್ನು ಹೆಚ್ಚಿಸುವಂಥವು. ಹಾಗಾಗಿ ನಮ್ಮ ಹೆಂಗಸರ ವಿಷಯದಲ್ಲಿ ಇದನ್ನು ದೂರದ ದೇಶದ ಅಪರೂಪದ ಕಾಯಿಲೆ ಎಂದು ಬದಿಗಿಡುವಂತಿಲ್ಲ.

ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗಳಿಗೆ ಮಾತ್ರ ಇದೆ. ಅಮೆರಿಕದಲ್ಲಿ 2021ರಿಂದ 45 ವಯಸ್ಸಿಗೇ ಎಲ್ಲರಿಗೂ ಕರುಳಿನ ತಪಾಸಣೆ ಶುರುಮಾಡಿ ಎನ್ನುತ್ತಾರೆ. ಇಲ್ಲಿ ಅಂಥ ವ್ಯವಸ್ಥೆ ಇಲ್ಲದಿರುವುದರಿಂದ ಲಕ್ಷಣ ಕಂಡವರೇ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರಿ ಆಸ್ಪತ್ರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿದೆ.

ಮನೆತನದಲ್ಲಿ ಹಲವರಿಗೆ ಕರುಳು, ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಸ್ಥಿತಿ ಇರಬಹುದು. ವಂಶವಾಹಿಯ ನಕಲಿನ ತಪ್ಪು ತಿದ್ದುವ ವ್ಯವಸ್ಥೆಯೇ ಅಲ್ಲಿ ಹುಟ್ಟಿನಿಂದ ದುರ್ಬಲ. ಇಂಥವರಿಗೆ ಕರುಳಿನಲ್ಲೂ ಅಂಡಾಶಯದಲ್ಲೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕ್ಯಾನ್ಸರ್ ನಿಜವಾಗಿಯೂ ಬರಬಹುದು. ಪೆಥಾಲಜಿಸ್ಟರು ಅದನ್ನೂ ಬೇರ್ಪಡಿಸಿ ನೋಡಬೇಕು. ಮೇಲೆ ಹೇಳಿದ ಎಂಎಸ್‌ಐ ಪರೀಕ್ಷೆಯೇ ಇದರ ಮೊದಲ ಸುಳಿವನ್ನೂ ಕೊಡುತ್ತದೆ. ಲಿಂಚ್ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿಸಬೇಕು, ಅವರ ತಪಾಸಣೆ ತಾರುಣ್ಯದಲ್ಲೇ ಶುರುವಾಗುತ್ತದೆ. ಲಿಂಚ್ ಇಲ್ಲದಿದ್ದರೂ, ತಾಯಿಗೋ ಅಕ್ಕನಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರು 40ನೇ ವಯಸ್ಸಿನಲ್ಲಿ, ಅಥವಾ ಅವರಿಗೆ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಅಕ್ಕನಿಗೆ 42ರಲ್ಲಿ ಬಂದಿದ್ದರೆ ತಂಗಿಗೆ 32ರಲ್ಲಿ. ಆ ಪರೀಕ್ಷೆಯಲ್ಲಿ ಪಾಲಿಪ್ ಸಿಕ್ಕರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ.